ಕಾಲ್‌ನಲ್ಲಿ ‘ಯೆಸ್’ ಅಂದು ಆಮೇಲೆ ಕೆಲಸ ತಡವಾಗುವ ಬಗ್ಗೆ
ಜರ್ಮನಿಯವರ ಜೊತೆಗಿನ ಕಾಲ್‌ನಲ್ಲಿ ನಿಮ್ಮ ಬೆಂಗಳೂರು ಟೀಮ್‌ನವರು ‘ಯೆಸ್’ ಅನ್ನುತ್ತಾರೆ, ಆಮೇಲೆ ಕೆಲಸ ತಡವಾಗುತ್ತದೆ, ಏನು ಮಾಡುವುದು ಎಂದು ಕೇಳಿದ್ದೀರಿ. ತೊಂದರೆ ಟೀಮ್‌ನ ಇಂಗ್ಲಿಷಿನಲ್ಲಿಲ್ಲ, ಆ ‘ಯೆಸ್’ನಲ್ಲಿದೆ ಅನ್ನಿಸುತ್ತದೆ. ನಮ್ಮವರಿಗೆ ಅದು ಎಷ್ಟೋ ಸಲ ‘ಕೇಳಿಸಿತು, ನೋಡ್ತೀನಿ’ ಅಷ್ಟೇ, ಅಲ್ವಾ? ಜರ್ಮನಿಯ ಮ್ಯಾನೇಜರ್‌ಗೆ ಅದು ಕೊಟ್ಟ ಮಾತು. ಎರಡು ದಿನದ ತರಬೇತಿಯಿಂದ ಏನೂ ಬದಲಾಗಲಿಲ್ಲ ಎಂದಿದ್ದೀರಿ. ಅದರಲ್ಲಿ ಹಾಫ್‌ಸ್ಟೆಡ್ ಅಂಕಿಗಳ (ಒಂದೊಂದು ದೇಶದ ಸಂಸ್ಕೃತಿಯನ್ನು ಅಂಕಿಯಲ್ಲಿ ಅಳೆದ ಸಂಶೋಧಕ ಅವರು) ಸ್ಲೈಡುಗಳೇ ಜಾಸ್ತಿ ಇದ್ದರೆ ಹಾಗಾಗುವುದು ಸಹಜ. 1970ರ ಆಸುಪಾಸು ಐಬಿಎಂ ನೌಕರರ ಸಮೀಕ್ಷೆಯಿಂದ ಹುಟ್ಟಿದ ಅಂಕಿಗಳವು. ದೇಶದ ಸರಾಸರಿ ಹೇಳುತ್ತವೆ, ಎದುರು ಕೂತ ಒಬ್ಬರ ಬಗ್ಗೆ ಅಲ್ಲ.

ಮೊದಲು ಹಳೆಯ ಎರಡು ಮೂರು ಕಾಲ್‌ಗಳ ಟಿಪ್ಪಣಿ ತೆಗೆಯಿರಿ. ‘ಯೆಸ್’ ಅಂದಾಗ ಮನಸ್ಸಿನಲ್ಲಿ ಏನಿತ್ತು ಎಂದು ಒಬ್ಬೊಬ್ಬರನ್ನೇ ಕೇಳಿ. ಎಲ್ಲರೆದುರು ಬೇಡ. ಆಮೇಲೆ ‘ಆಗಲ್ಲ’ ಅನ್ನುವುದನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸಿ: ‘ಶುಕ್ರವಾರಕ್ಕೆ ಆಗುವುದಿಲ್ಲ, ಟೆಸ್ಟಿಂಗ್ ಬಾಕಿ ಇದೆ, ಮಂಗಳವಾರ ಕೊಡುತ್ತೇವೆ.’ ಟೀಮ್ ಲೀಡ್ ಮೊದಲು ಹೇಳಲಿ. ಮೇಲಿನವರು ಹೇಳದೆ ಕಿರಿಯರು ಧೈರ್ಯ ಮಾಡುವುದಿಲ್ಲ. ಕಾಲ್ ಮುಗಿದ ದಿನವೇ ಯಾರು, ಏನು, ಯಾವಾಗ ಎಂದು ಮೇಲ್ ಹೋಗಲಿ.

ಜರ್ಮನಿಯವರ ಜೊತೆಗೂ ಒಂದು ಗಂಟೆ ಕೂರಿ. ಒಂದೇ ಕಡೆಯವರನ್ನು ತಿದ್ದುವುದು ಅನ್ಯಾಯ. ‘ಆಗುತ್ತಾ?’ ಎನ್ನುವ ಬದಲು ‘ಇದಕ್ಕೆ ಏನೇನು ಅಡ್ಡಿ ಇದೆ?’ ಎಂದು ಕೇಳಲು ಹೇಳಿ. ಸಮಯವನ್ನೂ ನೋಡಿ. ಚಳಿಗಾಲದಲ್ಲಿ ಅವರ ಮಧ್ಯಾಹ್ನ 3 ಗಂಟೆ ಅಂದರೆ ನಮಗೆ ಸಂಜೆ 7:30. ಸುಸ್ತಾದವರು ಸುಮ್ನೆ ಹೂಂ ಅಂದುಬಿಡುತ್ತಾರೆ. ಅವರ ಬೆಳಿಗ್ಗೆ 10ಕ್ಕೆ ಹಾಕಿಸಿ.

ಎರಡು ತಿಂಗಳಾದರೂ ತಡ ನಿಲ್ಲದಿದ್ದರೆ ಕಾರಣ ಕೆಲಸದ ಹೊರೆಯೇ ಇರಬಹುದು. ಆಗ ತರಬೇತಿ ಬಿಟ್ಟು, ಪ್ಲಾನ್ ಮುಂದಿಟ್ಟುಕೊಂಡು ಒಬ್ಬೊಬ್ಬರ ಗಂಟೆಗಳನ್ನು ಲೆಕ್ಕ ಹಾಕಿ.