ಪಾದ್ರಿಯ ಕಣಜದಲ್ಲಿ ಗೋಧಿ ಯಾಕೆ?

ನಮಸ್ಕಾರ. 1860ರ ಇಂಗ್ಲೆಂಡಿನ ಹಳ್ಳಿಯೊಂದರ ಬಗ್ಗೆ ನೀವು ಕಳಿಸಿದ ಕತೆ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಯಾಕೆ ಅಂತ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹನ್ನೆರಡು ಪುಟದಲ್ಲಿ ಏಳು ಸಲ ಹಿಮ ಬಿದ್ದಿದೆ. ಚರ್ಚಿನ ಗಂಟೆಗೆ ಬಿಡುವೇ ಇಲ್ಲ. ಆದರೆ ಆ ಊರಲ್ಲಿ ಯಾರು ಯಾರ ಹಂಗಿನಲ್ಲಿದ್ದರು ಅನ್ನೋದು ಕಾಣುವುದಿಲ್ಲ. ಕಂಡ ಕಡೆ ತಪ್ಪಾಗಿದೆ. ರೈತರು ಪಾದ್ರಿಯ ಕಣಜಕ್ಕೆ ಹತ್ತರಲ್ಲೊಂದು ಪಾಲು ಗೋಧಿ ತಂದು ಸುರಿಯುತ್ತಾರೆ. 1836ರ ಕಾನೂನು ಬಂದ ಮೇಲೆ ಈ ದಶಾಂಶ ಹಣದ ಲೆಕ್ಕಕ್ಕೆ ತಿರುಗಿತು. ನಿಮ್ಮ ಕತೆಯ ಹೊತ್ತಿಗೆ ಕಾಳು ಅಳೆಯುವ ಕಾಲ ಹೆಚ್ಚುಕಮ್ಮಿ ಮುಗಿದಿತ್ತು. ವಿಧವೆಗೆ ವಾರದ ಕಾಸು ಕೊಡುವವರೂ ಪಾದ್ರಿಯಲ್ಲ. ಅವರು ಕಂಬಳಿ ಕೊಡಬಹುದು, ಸೂಪ್ ಕಳಿಸಬಹುದು. ಕಾಸೋ, ಬಡವರನ್ನು ಇರಿಸಿಕೊಂಡು ದುಡಿಸುವ ವರ್ಕ್‌ಹೌಸೋ ಅಂತ ತೀರ್ಮಾನಿಸುತ್ತಿದ್ದವರು 1834ರ ಬಡವರ ಕಾನೂನಿನ ಪ್ರಕಾರ ಬಂದ ಗಾರ್ಡಿಯನ್‌ಗಳು. ಹಲವು ಪ್ಯಾರಿಷ್‌ಗಳಿಗೆ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಊರುಗಳಿಗೆ, ಸೇರಿ ಅವರದೊಂದು ಮಂಡಳಿ. ಇನ್ನು ಊರಿನ ಆಡಳಿತ ನೋಡುವ ಪ್ಯಾರಿಷ್ ಕೌನ್ಸಿಲ್ ಬಂದದ್ದೇ 1894ರ ಕಾನೂನಿನಿಂದ. ನಿಮ್ಮ ಊರಲ್ಲಿ ಆಗಲೇ ಅದರ ಸದಸ್ಯರು ಜಗಳ ಆಡುತ್ತಿದ್ದಾರೆ!

ಇಷ್ಟೆಲ್ಲ ಬೈದೂ ನಾನು ಕತೆಯನ್ನು ಎರಡು ಸಲ ಓದಿದ್ದು ಆ ಚಮ್ಮಾರನಿಗಾಗಿ. ಮೂವತ್ತು ವರ್ಷ ಚರ್ಚಿನ ಅಟ್ಟದಲ್ಲಿ ಕೂತು ಪಿಟೀಲು ನುಡಿಸಿದವನು. ಜಮೀನ್ದಾರನ ಹೆಂಡತಿ ಹಾರ್ಮೋನಿಯಂ ತರಿಸುತ್ತಾಳೆ. ಅವನು ಕಮಾನಿನ ಎಳೆ ಸಡಿಲಿಸಿ, ಪಿಟೀಲನ್ನು ಹಸಿರು ಬಟ್ಟೆಯಲ್ಲಿ ಸುತ್ತಿ, ಹಿಂದಿನ ಬಾಗಿಲಿಂದ ಇಳಿದು ಹೋಗುತ್ತಾನೆ. ಒಂದು ಮಾತೂ ಇಲ್ಲ. ಎಷ್ಟೋ ಹಳ್ಳಿ ಚರ್ಚುಗಳಲ್ಲಿ ವಾದ್ಯದವರು ಹೀಗೇ ಜಾಗ ಕಳೆದುಕೊಂಡರು. ಇದೇ ನಿಮ್ಮ ಕತೆ. ನೀವೋ, ಮುಂದಿನ ಪುಟದಲ್ಲೇ ಅವನಿಗೆ ಜ್ವರ ಬರಿಸಿ ಸಾಯಿಸಿದ್ದೀರಿ.

ಸಾಯಿಸಬೇಡಿ. ಮುಂದಿನ ಭಾನುವಾರ ಅವನು ಎಲ್ಲಿಗೆ ಹೋಗುತ್ತಾನೆ? ಊರಾಚೆಯ ಮೆಥಡಿಸ್ಟ್ ಚಾಪೆಲ್ಲಿಗೆ, ಅಂದರೆ ಊರ ಚರ್ಚಿನಿಂದ ಬೇರೆಯಾದ ಪಂಥದ ಪ್ರಾರ್ಥನಾ ಮಂದಿರಕ್ಕೆ, ಹೋದರೆ ಅದು ಬರೀ ಪ್ರಾರ್ಥನೆಯ ವಿಷಯ ಅಲ್ಲ. ಅವನ ಮನೆ ಜಮೀನ್ದಾರನದು, ಅಲ್ವಾ? ಚಾಪೆಲ್ ಎಂಥವರನ್ನು ಬೆಳೆಸುತ್ತಿತ್ತು ನೋಡಿ: 1872ರಲ್ಲಿ ವಾರಿಕ್‌ಶೈರಿನ ವೆಲ್ಸ್‌ಬೋರ್ನ್‌ನಲ್ಲಿ ಹೊಲದ ಕೂಲಿಗಳನ್ನು ಸೇರಿಸಿ ಅವರ ಸಂಘಕ್ಕೆ ದಾರಿ ಮಾಡಿದ ಜೋಸೆಫ್ ಆರ್ಚ್ ಕೂಡ ಮೆಥಡಿಸ್ಟ್ ಬೋಧಕನೇ. ನಿಮ್ಮ ಚಮ್ಮಾರ ನಾಯಕನಾಗಬೇಕಿಲ್ಲ. ಬಾಡಿಗೆ ಕೊಡುವ ದಿನ ಟೋಪಿ ತೆಗೆದು ಗುಮಾಸ್ತನ ಮುಂದೆ ನಿಲ್ಲಲಿ, ಸಾಕು.

ಹಿಮ ಒಂದೇ ಸಲ ಬೀಳಲಿ. ಏಳು ಪುಟ ಮೀರದಂತೆ ಬರೆದು ಮತ್ತೆ ಕಳಿಸಿ.