ಬಿಸಿನೆಸ್ ಜೆಟ್ ಎಂಜಿನ್ನಿನ ಆರೋಗ್ಯ ತಪಾಸಣೆ

ಪ್ರಶ್ನೆ: ಬಿಸಿನೆಸ್ ಜೆಟ್‌ಗಳ ಎಂಜಿನ್ನಿನ ಸ್ಥಿತಿಯನ್ನು ಈಗ ನಿಸ್ತಂತುವಾಗಿ ಗಮನಿಸುತ್ತಾರಂತೆ. ಹಾರುತ್ತಿರುವಾಗಲೇ ಮಾಹಿತಿ ನೆಲಕ್ಕೆ ಬರುತ್ತದೆಯೇ?

ಉತ್ತರ: ಕೆಲವು ವಿಮಾನಗಳು ಎಚ್ಚರಿಕೆಯ ಸಂದೇಶಗಳನ್ನು ಹಾರಾಟದ ನಡುವೆಯೇ ಉಪಗ್ರಹದ ಮೂಲಕ ಕಳುಹಿಸುತ್ತವೆಯಾದರೂ, ಪೂರ್ಣ ದಾಖಲೆ ಹೊರಡುವುದು ಹೆಚ್ಚಾಗಿ ಇಳಿದ ಮೇಲೆಯೇ. ಪ್ರಾಟ್ ಆಂಡ್ ವಿಟ್ನಿ ಕೆನಡಾ ಕಂಪನಿಯ ‘ಫಾಸ್ಟ್’ ವ್ಯವಸ್ಥೆಯಲ್ಲಿ, ಎಂಜಿನ್ ನಿಲ್ಲಿಸಿದ ಬಳಿಕ ಇಡೀ ಹಾರಾಟದ ದತ್ತಾಂಶ ನಿಸ್ತಂತು ಜಾಲದಲ್ಲಿ ರವಾನೆಯಾಗುತ್ತದೆ. ಹಿಂದಾದರೆ ತಂತ್ರಜ್ಞರು ಲ್ಯಾಪ್‌ಟಾಪಿಗೆ ಕೇಬಲ್ ಜೋಡಿಸಿ ಇಳಿಸಿಕೊಳ್ಳಬೇಕಿತ್ತು. ನಿಗದಿತ ವೇಳಾಪಟ್ಟಿಯಿಲ್ಲದೆ, ದುರಸ್ತಿ ಸಿಬ್ಬಂದಿಯಿಲ್ಲದ ಸಣ್ಣ ನಿಲ್ದಾಣಗಳಿಗೂ ಹೋಗುವ ಈ ಜೆಟ್‌ಗಳಿಗೆ ನಿಸ್ತಂತು ರವಾನೆ ದೊಡ್ಡ ಅನುಕೂಲ. (ನಿಸ್ತಂತು ಎನ್ನುವುದು ರವಾನೆಗಷ್ಟೇ ಸಲ್ಲುವ ಮಾತು, ಎಂಜಿನ್ನಿನ ಸಂವೇದಕಗಳು ಬಹುತೇಕ ಇಂದಿಗೂ ತಂತಿಯವೇ.)

ನಿಜವಾದ ಲಾಭವಿರುವುದು ಹೋಲಿಕೆಯಲ್ಲಿ. ಎತ್ತರ ಮತ್ತು ಹೊರಗಿನ ಉಷ್ಣಾಂಶದ ಪ್ರಭಾವವನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲೂ, ಅದೇ ನೂಕುಬಲಕ್ಕೆ ಟರ್ಬೈನಿನ ಅನಿಲದ ಉಷ್ಣತೆಯೂ ಇಂಧನದ ಬಳಕೆಯೂ ವಾರದಿಂದ ವಾರಕ್ಕೆ ತುಸುತುಸುವೇ ಏರುತ್ತಿದ್ದರೆ, ಒಳಬರುವ ಗಾಳಿಯನ್ನು ಒತ್ತುವ ಕಂಪ್ರೆಸರಿನ ಅಲಗುಗಳಿಗೆ ಕೊಳೆ ಕಟ್ಟಿರಬಹುದು. ಆಗ ನೀರು ಹಾಯಿಸಿ ತೊಳೆದರೆ ಸಾಕಾದೀತು. ತೊಳೆದರೂ ಅಂಕಿಗಳು ಇಳಿಯದಿದ್ದರೆ ಬೋರೋಸ್ಕೋಪ್ (ತೆಳ್ಳನೆಯ ನಳಿಗೆಯಂಥ ವೀಕ್ಷಣಾ ಸಾಧನ) ಒಳಗಿಳಿಸಿ ಅಲಗುಗಳನ್ನು ಕಣ್ಣಾರೆ ನೋಡಬೇಕು. ಆ ಕೆಲಸವನ್ನು ಯಾವ ನಿಸ್ತಂತು ಪೆಟ್ಟಿಗೆಯೂ ತಪ್ಪಿಸದು.