ಆ್ಯಪ್ ಹುಡುಕುವ ಮೊದಲು ಮ್ಯೂಟ್ ತೆಗೆಯಿರಿ

ಯಹೂದಿ ಕುಟುಂಬಗಳ ವಾರದ ಆನ್‌ಲೈನ್ ಪಾಠಕ್ಕೆ ಮೂವತ್ತು ಜನ ಸೇರುತ್ತಾರೆ, ಕ್ಯಾಮೆರಾ ಆರಿಸಿ ಸುಮ್ಮನೆ ಕೂರುತ್ತಾರೆ, ಅವರನ್ನು ಮಾತಿಗೆಳೆಯಲು ಯಾವ ಆ್ಯಪ್, ಯಾವ ಆಟ ಒಳ್ಳೆಯದು ಎಂದು ಕೇಳಿದ್ದೀರಿ. 2020ರಲ್ಲಿ ನಾನು ಕಂಡಕಂಡವರಿಗೆಲ್ಲ ಕೇಳುತ್ತಿದ್ದ ಪ್ರಶ್ನೆಯಿದು.

ನಾನು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಬೆನೆ ಇಸ್ರೇಲಿ, ಅಂದರೆ ಕೊಂಕಣ ಮೂಲದ ಯಹೂದಿ. ಮನೆಯಲ್ಲಿ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ಕೊಂಕಣದಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದ ನಮ್ಮ ಹಿರಿಯರು ಶಬ್ಬಾತ್ ದಿನ, ಅಂದರೆ ಕೆಲಸ ಮಾಡಬಾರದ ಶನಿವಾರ, ಗಾಣ ನಿಲ್ಲಿಸುತ್ತಿದ್ದುದರಿಂದ ಸುತ್ತಲಿನವರು ಅವರನ್ನು ‘ಶನಿವಾರ ತೇಲಿ’ (ಶನಿವಾರದ ಗಾಣಿಗರು) ಎನ್ನುತ್ತಿದ್ದರು. ಈಗ ನಮ್ಮವರಲ್ಲಿ ಹೆಚ್ಚಿನವರು ಇಸ್ರೇಲಿನಲ್ಲಿದ್ದಾರೆ. ಲಾಕ್‌ಡೌನ್ ಬಂದಾಗ ಠಾಣೆ, ಮುಂಬೈ, ಇಸ್ರೇಲಿನ ಅಶ್ದೋದ್, ಡಿಮೋನಾಗಳ ಬಂಧುಗಳನ್ನೆಲ್ಲ ಝೂಮ್‌ನಲ್ಲಿ ಸೇರಿಸಿ, ಆ ವಾರ ಸಿನಗಾಗ್ ಎಂಬ ಪ್ರಾರ್ಥನಾಮಂದಿರದಲ್ಲಿ ಓದುವ, ನಮ್ಮ ಧರ್ಮಗ್ರಂಥ ತೋರಾದ ಭಾಗವನ್ನು ಒಟ್ಟಿಗೆ ಓದೋಣ ಎಂದುಕೊಂಡೆ. ಶನಿವಾರ ಪರದೆ ಮುಟ್ಟದವರಿದ್ದರು. ಭಾನುವಾರ ಇಸ್ರೇಲಿನಲ್ಲಿ ಕೆಲಸದ ದಿನ. ಚಳಿಗಾಲದಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ. ಹಾಗಾಗಿ ಭಾನುವಾರ ನಮ್ಮ ರಾತ್ರಿ ಒಂಬತ್ತು, ಅವರ ಸಂಜೆ ಐದೂವರೆ ಎಂದು ಗೊತ್ತಾಯಿತು. ಸಮಯ ಹೊಂದಿಸಲು ಪಟ್ಟ ಶ್ರಮದಲ್ಲಿ ಕಾಲು ಭಾಗವನ್ನಾದರೂ ಉಳಿದದ್ದಕ್ಕೆ ಪಟ್ಟಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಡಿಸೆಂಬರ್ ಮೊದಲ ವಾರ. ಯೋಸೇಫನನ್ನು ಅಣ್ಣಂದಿರು ಬಾವಿಗೆ ತಳ್ಳುವ ಭಾಗ. ನಾನು ಐವತ್ತೆರಡು ಸ್ಲೈಡ್ ಮಾಡಿದ್ದೆ. ನಕ್ಷೆ, ಚಿತ್ರ, ನಡುನಡುವೆ ಅಂಕ ಕೊಡುವ ಕ್ವಿಜ್. ಹಿಂದಿನ ವಾರ ಯಾರದೋ ಮನೆಯ ಕುಕ್ಕರ್ ಕೂಗಿ, ಇನ್ನಾರದೋ ಟಿವಿ ಕೇಳಿಸಿ ಒಬ್ಬರು ಸಿಡುಕಿದ್ದರು. ಅದಕ್ಕೆ ಸೆಟ್ಟಿಂಗ್‌ನಲ್ಲಿ ಎರಡು ಕೆಲಸ ಮಾಡಿದೆ. ಒಳಗೆ ಬರುವಾಗಲೇ ಎಲ್ಲರೂ ಮ್ಯೂಟ್ ಆಗುವಂತೆ ಮಾಡಿದೆ, ಅದು ಇರಲಿ. ಜೊತೆಗೆ, ತಾವಾಗಿಯೇ ಮ್ಯೂಟ್ ತೆಗೆದುಕೊಳ್ಳಲು ಅವಕಾಶ ಕೊಡುವ ಟಿಕ್ ಗುರುತನ್ನೂ ತೆಗೆದುಬಿಟ್ಟೆ. ಈ ಎರಡನೆಯದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಇದನ್ನೇ ಮಾಡಿರುತ್ತೀರಿ ಎಂದು ನನ್ನ ಅನುಮಾನ. ಆ ಗುರುತು ಹೋದ ಮೇಲೆ ಕೂತವರು ಮೈಕ್ ಒತ್ತಿದರೂ ಅದು ತೆರೆಯುವುದಿಲ್ಲ. ಮಾತನಾಡಬೇಕಾದರೆ ಪರದೆಯ ಮೇಲಿನ ಕೈ ಚಿಹ್ನೆ ಒತ್ತಬೇಕು, ನಡೆಸುವವರು ಅದನ್ನು ನೋಡಿ ಮೈಕ್ ತೆರೆಯಲು ಬಿಡಬೇಕು. ಎಂಬತ್ತು ದಾಟಿದವರಿಗೆ ಆ ಚಿಹ್ನೆ ಎಲ್ಲಿದೆಯೆಂದು ಯಾರು ತೋರಿಸಿದ್ದರು? ಇನ್ನು ನನ್ನ ಪರದೆಯ ತುಂಬ ಸ್ಲೈಡ್. ಮುಖಗಳೆಲ್ಲ ಮೂಲೆಯ ಪಟ್ಟಿಯಲ್ಲಿ ನಾಲ್ಕೇ ನಾಲ್ಕಾಗಿ ಕುಗ್ಗಿದ್ದವು. ಬಾಗಿಲಿಗೆ ಬೀಗ ಹಾಕಿ ಬೆನ್ನು ತಿರುಗಿಸಿ ನಿಂತಿದ್ದೆ.

ಡಿಮೋನಾದಲ್ಲಿ ನಮ್ಮ ಅತ್ತೆ ಇದ್ದಾರೆ, ಅಪ್ಪನ ಚಿಕ್ಕಪ್ಪನ ಮಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಮ್ಮವರು ತೋರಾದ ಕಥೆಗಳನ್ನು ಮರಾಠಿ ಕೀರ್ತನೆ ಮಾಡಿ ಹಾಡತೊಡಗಿದ್ದರು. ಅತ್ತೆಗೆ ಅವರ ಅಪ್ಪನಿಂದ ಯೋಸೇಫನ ಕೀರ್ತನೆಯೊಂದು ಬಾಯಿಪಾಠವಾಗಿ ಬಂದಿತ್ತು. ‘ಬಾವಿಯ ಭಾಗ ಬಂದಾಗ ನಾನು ಹಾಡುತ್ತೇನೆ’ ಎಂದು ಫೋನಿನಲ್ಲಿ ಹೇಳಿದ್ದರು. ನಾನು ‘ಆಗಲಿ ಅತ್ತೆ’ ಎಂದಿದ್ದೆ. ಎಂದದ್ದು ಮರೆತೇಹೋಗಿತ್ತು.

ಆ ರಾತ್ರಿ ಠಾಣೆಯ ತಂಗಿ ತನ್ನ ಪರದೆಯನ್ನು ಮೊಬೈಲ್‌ನಲ್ಲಿ ಹಿಡಿದು ಹತ್ತೊಂಬತ್ತು ಸೆಕೆಂಡಿನ ವಿಡಿಯೊ ಕಳಿಸಿದಳು. ಬಾವಿಯ ಸ್ಲೈಡ್ ಬಂದ ಕೂಡಲೇ ಅತ್ತೆ ಕಣ್ಣು ಮುಚ್ಚಿ ಹಾಡುತ್ತಿದ್ದಾರೆ. ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿದೆ. ತುಟಿ ಅಲ್ಲಾಡುತ್ತಿದೆ, ಸದ್ದಿಲ್ಲ. ಅದರ ಮೇಲೆ ನನ್ನ ದನಿ, ಮುಂದಿನ ಸ್ಲೈಡ್ ಓದುತ್ತಿದೆ. ತಂಗಿ ಹೇಳಿದ ಪ್ರಕಾರ ಅವರು ನಾಲ್ಕೈದು ನಿಮಿಷ ಹಾಡಿದರಂತೆ, ಮುಗಿಸಿ ಕಣ್ಣು ತೆರೆದು ಕಾದರಂತೆ. ಆಗ ನಾನು ಕ್ವಿಜ್ ಶುರು ಮಾಡಿದ್ದೆ.

ಅತ್ತೆ ಬಹುಕಾಲ ಮತ್ತೆ ಬರಲಿಲ್ಲ. ಫೋನ್ ಮಾಡಿದರೆ ‘ನಿನಗೆ ಪಾಠ ಮುಗಿಸುವ ಆತುರವಿತ್ತು, ಬಿಡು’ ಎಂದರು. ಒಂದು ವರ್ಷದ ಮೇಲೆ ಹಾಡನ್ನು ಬರೆದುಕೊಳ್ಳಲು ಕೇಳಿದಾಗ ಪಲ್ಲವಿ ಮಾತ್ರ ಉಳಿದಿತ್ತು. ಚರಣಗಳು ಬಾಯಿಗೆ ಬರಲಿಲ್ಲ. ನಮ್ಮ ಮನೆತನದಲ್ಲಿ ಬೇರೆ ಯಾರಿಗೂ ಅದು ಗೊತ್ತಿಲ್ಲ. ಮೂವತ್ತೆಂಟು ಜನರ ಮುಂದೆ, ದಾಖಲಿಸುವ ಸಾಧನವೆಲ್ಲ ನನ್ನ ಕೈಯಲ್ಲಿರುವಾಗ, ಅವರು ಅದನ್ನು ಪೂರ್ತಿ ಹಾಡಿದ್ದರು.

ಆದ್ದರಿಂದ ‘ಜನರನ್ನು ತೊಡಗಿಸಿಕೊಳ್ಳುವುದು ಹೇಗೆ’ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಅವರು ಬರುವಾಗಲೇ ಏನನ್ನೋ ಹೊತ್ತು ಬಂದಿರುತ್ತಾರೆ. ಇಳಿಸಲು ಜಾಗ ಸಿಗದಿದ್ದರೆ ಕ್ಯಾಮೆರಾ ಆರಿಸುತ್ತಾರೆ. ಕ್ಯಾಮೆರಾ ಕಡ್ಡಾಯ ಮಾಡಬೇಡಿ, ಕ್ವಿಜ್ ಬೇಡ, ಹೊಸ ಆ್ಯಪ್ ಖಂಡಿತ ಬೇಡ.

ಯಹೂದಿ ಕಲಿಕೆಗೆ ಇದಕ್ಕೆಲ್ಲ ಹಳೆಯ ಉಪಾಯವೊಂದಿದೆ, ಹವ್ರೂತಾ. ಇಬ್ಬರು ಎದುರುಬದುರು ಕೂತು ಒಂದೇ ಪಠ್ಯವನ್ನು ಗಟ್ಟಿಯಾಗಿ ಓದಿ ವಾದಿಸುವುದು. ಅಂಥ ಜೋಡಿಗಳು ತುಂಬಿದ ಬೇತ್ ಮಿದ್ರಾಶ್, ಅಂದರೆ ಅಧ್ಯಯನಶಾಲೆ, ಸಂತೆಯಂತೆ ಗದ್ದಲವಾಗಿರುತ್ತದೆ. ನಾನು ಕುಕ್ಕರ್ ಕೂಗಿಗೆ ಹೆದರಿ ಆ ಗದ್ದಲವನ್ನೇ ಹೊರಗಿಟ್ಟಿದ್ದೆ. ತಾಲ್ಮುದ್, ಅಂದರೆ ಹಳೆಯ ರಬ್ಬಿಗಳ (ಧರ್ಮಗುರುಗಳ) ವಾದಗಳ ಗ್ರಂಥ, ಓದುವ ರೂಢಿ ನಮ್ಮ ಬೆನೆ ಇಸ್ರೇಲಿಗಳಲ್ಲಿ ಹಳೆಯದಲ್ಲ, ಹಾಗಾಗಿ ಹವ್ರೂತಾ ನನಗೂ ತಡವಾಗಿ ಸಿಕ್ಕಿತು. ತಾಲ್ಮುದಿನಲ್ಲಿ ರಬ್ಬಿ ಯೋಹಾನಾನ್ ಮತ್ತು ರೇಶ್ ಲಾಕಿಶ್ ಎಂಬ ಜೋಡಿಯ ಕಥೆಯಿದೆ. ರೇಶ್ ಲಾಕಿಶ್ ತೀರಿಕೊಂಡ ಮೇಲೆ ಯೋಹಾನಾನರ ದುಃಖ ತಗ್ಗಿಸಲು ಇನ್ನೊಬ್ಬ ವಿದ್ವಾಂಸರನ್ನು ಕಳಿಸುತ್ತಾರೆ. ಅವರು ಪ್ರತಿ ಮಾತಿಗೂ ‘ನೀವು ಹೇಳಿದ್ದಕ್ಕೆ ಆಧಾರವಿದೆ’ ಎನ್ನುತ್ತಾರೆ. ಯೋಹಾನಾನರಿಗೆ ತಡೆಯುವುದಿಲ್ಲ: ರೇಶ್ ಲಾಕಿಶ್ ನನ್ನ ಒಂದು ಮಾತಿಗೆ 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ, ವಿಷಯ ತಾನಾಗಿ ಅಗಲವಾಗುತ್ತಿತ್ತು ಎಂದು ಗೋಳಾಡುತ್ತಾರೆ. ತಲೆದೂಗುವ ಮೂವತ್ತು ಜನರಿಗಿಂತ ಅಡ್ಡ ಮಾತಾಡುವ ಒಬ್ಬರು ಮೇಲು.

ಮುಂದಿನ ವರ್ಷ ಯೋಸೇಫನ ಭಾಗ ಬಂದಾಗ ಒಂದೂ ಸ್ಲೈಡ್ ಮಾಡಲಿಲ್ಲ. ತೋರಾದ ಮೊದಲ ಪುಸ್ತಕ ಆದಿಕಾಂಡದ 37ನೆಯ ಅಧ್ಯಾಯದ 15ರಿಂದ 17ರವರೆಗಿನ ಮೂರೇ ವಚನಗಳನ್ನು ಶುಕ್ರವಾರ ಬೆಳಿಗ್ಗೆಯೇ ವಾಟ್ಸ್‌ಆ್ಯಪ್‌ಗೆ ಹಾಕಿದೆ. ಸೆಫಾರಿಯಾ ಎಂಬ ಉಚಿತ ಆನ್‌ಲೈನ್ ಗ್ರಂಥಾಲಯದಲ್ಲಿ ಹೀಬ್ರೂ ಮೂಲ, ಇಂಗ್ಲಿಷ್ ಅನುವಾದ, ವ್ಯಾಖ್ಯಾನ ಎಲ್ಲ ಸಿಗುತ್ತವೆ. ಮರಾಠಿಯನ್ನು ನಾನೇ ದೊಡ್ಡ ಅಕ್ಷರದಲ್ಲಿ ಬರೆದೆ. ಅಣ್ಣಂದಿರನ್ನು ಹುಡುಕುತ್ತ ಹೊಲದಲ್ಲಿ ದಾರಿ ತಪ್ಪಿದ ಯೋಸೇಫನಿಗೆ ಹೆಸರಿಲ್ಲದ ಒಬ್ಬ ಮನುಷ್ಯ ಸಿಗುತ್ತಾನೆ, ‘ಏನು ಹುಡುಕುತ್ತಿದ್ದೀ’ ಎಂದು ಕೇಳಿ, ಅವರು ದೋತಾನ್ ಕಡೆಗೆ ಹೋದರೆಂದು ತೋರಿಸುತ್ತಾನೆ. ಇವನು ಕಥೆಯಲ್ಲಿ ಏಕಿದ್ದಾನೆ? ಅದೊಂದೇ ಪ್ರಶ್ನೆ. ಇಬ್ಬಿಬ್ಬರನ್ನು ಝೂಮ್‌ನಲ್ಲೇ ಬೇರೆ ಬೇರೆ ಕೋಣೆಗೆ (ಬ್ರೇಕ್‌ಔಟ್ ರೂಮ್) ಕಳಿಸಿ ಇಪ್ಪತ್ತು ನಿಮಿಷ ಬಿಟ್ಟೆ. ತಲೆ ಬೆಸವಾದರೆ ಒಂದು ಕೋಣೆಗೆ ಮೂವರು. ಅಶ್ದೋದ್‌ನ ಕಾಲೇಜು ಹುಡುಗನಿಗೆ ಜೋಡಿಯಾಗಿ ಮುಂಬೈಯ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರನ್ನು ಬೇಕೆಂದೇ ಹಾಕಿದ್ದೆ. ಆಮೇಲೆ ಎಲ್ಲರೂ ಒಟ್ಟಾದಾಗ ಗಾರ್ಡ್ ಕಾಕಾ ಹೇಳಿದರು: ‘ಪ್ಲಾಟ್‌ಫಾರ್ಮಿನಲ್ಲಿ ದಾರಿ ಕೇಳಿದವರಿಗೆಲ್ಲ ರೈಲು ತೋರಿಸಿದ್ದೇನೆ. ಆ ರೈಲು ಅವರನ್ನು ಎಲ್ಲಿಗೆ ಮುಟ್ಟಿಸಿತೋ ನನಗೇನು ಗೊತ್ತು.’ ಮಧ್ಯಯುಗದ ಇಬ್ಬರು ವ್ಯಾಖ್ಯಾನಕಾರರಲ್ಲಿ ರಶಿ ಎಂಬವರಿಗೆ ಆ ಮನುಷ್ಯ ಗಬ್ರಿಯೇಲ್ ದೇವದೂತ, ಇಬ್ನ್ ಎಜ್ರಾ ಓದಿದಂತೆ ಬರೀ ದಾರಿಹೋಕ. ಇವೆರಡನ್ನು ನಾನು ಕೊನೆಗೇ ತೆಗೆದದ್ದು. ಮೊದಲೇ ಕೊಟ್ಟಿದ್ದರೆ ಕಾಕಾ ಬಾಯಿ ಬಿಡುತ್ತಿರಲಿಲ್ಲ.

ನಿಮಗೆ ಮೂವತ್ತು ಜನ ಕಡಿಮೆ ಎನಿಸುತ್ತಿದೆ, ನೂರು ಬೇಕೆಂದು ಬರೆದಿದ್ದೀರಿ. ನನಗೆ ಹದಿನಾರು ಸಾಕು ಎನಿಸುತ್ತದೆ. ಹದಿನಾರಾದರೆ ಎಂಟು ಜೋಡಿ, ಎಂಟೂ ಜೋಡಿಯ ಮಾತು ಕೇಳಬಹುದು.

ಕೈಗೊಂದು ಕೆಲಸವಿದ್ದರೆ ನಾಚುವವರ ಬಾಯಿ ಬೇಗ ತೆರೆಯುತ್ತದೆ. ಎಲಿಯಾ ಪ್ರವಾದಿಯನ್ನು ನೆನೆಯುವ ಮಲಿದಾ ನಮ್ಮ ದೊಡ್ಡ ಆಚರಣೆ. ಒಮ್ಮೆ ಎಲ್ಲರೂ ಅವಲಕ್ಕಿ, ತೆಂಗಿನ ತುರಿ, ಸಕ್ಕರೆ, ಏಲಕ್ಕಿ, ಹಣ್ಣು ಇಟ್ಟುಕೊಂಡು ಬನ್ನಿ ಎಂದೆ. ಅವಲಕ್ಕಿಯನ್ನು ನೆನೆಸಬೇಕೋ, ನೀರು ಚಿಮುಕಿಸಿದರೆ ಸಾಕೋ ಎಂದು ಮುಂಬೈಗೂ ಡಿಮೋನಾಗೂ ಅರ್ಧ ಗಂಟೆ ಜಗಳವಾಯಿತು. ಡಿಮೋನಾ ಕಡೆಯಿಂದ ಜಗಳವಾಡಿದ್ದು ಅತ್ತೆಯ ಮೊಮ್ಮಗಳು, ಪಕ್ಕದಲ್ಲಿ ಅತ್ತೆಯೂ ಕೂತಿದ್ದರು. ಕೊನೆಗೆ ನಾನು ಕೇಳದೆಯೇ ಪಲ್ಲವಿಯನ್ನು ಎರಡು ಸಲ ಹಾಡಿದರು. ಎಲ್ಲರ ಮೈಕ್ ತೆರೆದಿತ್ತು, ದನಿಗಳು ಒಂದರ ಹಿಂದೆ ಒಂದು ಎಳೆದು ಬಂದು ತಾಳವೆಲ್ಲ ತಪ್ಪಿತು, ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು. ನಾನು ಯಾವ ಗುಂಡಿಯನ್ನೂ ಒತ್ತಲಿಲ್ಲ.

ಈ ಭಾನುವಾರ ಆ ಮೂರು ವಚನಗಳನ್ನೇ ಇಟ್ಟು ನೋಡಿ. ಜೋಡಿಗೆ ಒಬ್ಬರು ಕಡಿಮೆ ಬಿದ್ದರೆ ಇಲ್ಲಿ ಬರೆಯಿರಿ, ನಾನು ಬರುತ್ತೇನೆ.